ಮಗ್ಗದ ಮನೆಯ ಬೆಕ್ಕು ಮತ್ತು 10 ರೂಪಾಯಿ ದಂಡ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮನೆಗಳಲ್ಲಿ ಬೆಕ್ಕು ಸಾಕುವುದನ್ನು ಕಾನೂನು ಮಾಡಿ ನಿಷೇಧಿಸಬೇಕು ಎಂದು ಓದುಗರೊಬ್ಬರು ಬರೆದ ಪತ್ರ ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಬಂದಿತ್ತು. ಬೀದಿನಾಯಿಗಳ ವಿಚಾರವನ್ನು ಸುಪ್ರೀಂ ಕೋರ್ಟೇ ಕೈಗೆತ್ತಿಕೊಂಡಿರುವಾಗ ಬೆಕ್ಕನ್ನೇಕೆ ಬಿಡಬೇಕು ಎಂಬುದು ಅವರ ಪ್ರಶ್ನೆ. ಅಂಗಳದಲ್ಲಿ ಹೊಲಸು, ರಾತ್ರಿಯೆಲ್ಲ ಕಾದಾಟ, ರೇಬೀಸ್ ಭಯ, ಬಸುರಿಯರಿಗೆ ಅಪಾಯ, ಹಕ್ಕಿಗಳ ಸಾವು ಎಂದು ಅವರು ಕಾರಣಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಒಂದೂ ಸುಳ್ಳಲ್ಲ. ಆದರೂ ಅವರು ಕೇಳಿದ ಕಾನೂನು ಬರಬಾರದು ಎಂದು ಈ ಪತ್ರ ಬರೆಯುತ್ತಿದ್ದೇನೆ. ತುಸು ಉದ್ದವಾದೀತು, ಕತ್ತರಿಸದೆ ಹಾಕಿದರೆ ಉಪಕಾರ.

ನಾನು ಇಳಕಲ್‌ನವಳು. 34 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ತವರು ಹಳೇ ಬಾಗಲಕೋಟೆ, ಮದುವೆಯಾಗಿ ಬಂದದ್ದು ನೇಕಾರರ ಮನೆಗೆ. ಆಗ ನಮ್ಮ ಪಡಸಾಲೆಯಲ್ಲಿ, ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿಮಗ್ಗ ಇದ್ದವು. ಈಗ ಒಂದು ಉಳಿದಿದೆ, ಮೈದುನ ನೇಯುತ್ತಾನೆ. ಇಳಕಲ್ ಸೀರೆ ಉಟ್ಟವರಿಗೆಲ್ಲ ಗೊತ್ತು, ಮೈ ಹತ್ತಿಯದಾದರೂ ಸೆರಗು ರೇಷ್ಮೆಯದಿರುತ್ತದೆ. ಎರಡರ ಹಾಸನ್ನೂ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ನೂಲನ್ನು, ಕೊಂಡಿ ಹಾಕಿ ಎಳೆಎಳೆಯಾಗಿ ಜೋಡಿಸಬೇಕು. ಹತ್ತಿಯ ನೂಲಿಗೆ ಗಂಜಿ ಕೊಟ್ಟಿರುತ್ತಾರೆ. ಇಲಿಗೆ ಆ ಗಂಜಿಯ ವಾಸನೆ ಸಾಕು.

ನಾನು ಮದುವೆಯಾಗಿ ಬಂದ ವರ್ಷದ ಮಳೆಗಾಲ. ಒಂದು ಬೆಳಿಗ್ಗೆ ಮಾವ ಕುಣಿಗೆ ಇಳಿದು ನೋಡಿದರೆ ಬಿಗಿದ ಹಾಸಿನಲ್ಲಿ ಅಂಗೈ ಅಗಲದ ತೂತು. ತುಂಡಾದ ಎಳೆಗಳನ್ನು ಎಣಿಸುವ ಹಾಗೇ ಇರಲಿಲ್ಲ. ಎರಡು ದಿನ ಮನೆಮಂದಿಯೆಲ್ಲ ಕೂತು ಎಳೆ ಹಚ್ಚಿದೆವು. ಶಾಲೆಯಿಂದ ಬಂದು ದೀಪ ಹಚ್ಚುವ ಹೊತ್ತಿಗೆ ಕೂತರೆ ನಡುರಾತ್ರಿಯವರೆಗೆ ನಾನೂ ಹಚ್ಚಿದ್ದೇನೆ. ಅಷ್ಟು ಮಾಡಿದರೂ ಸೀರೆಯಲ್ಲಿ ಗಂಟು ಕಾಣಿಸಿ, ನೂಲು ಕೊಟ್ಟ ಸಾವಕಾರರು ಮಜೂರಿಯಲ್ಲಿ ಮುರಿದುಕೊಂಡರು. ಮುಂದಿನ ವಾರವೇ ಅತ್ತೆ ಬೀಗರ ಮನೆಯಿಂದ ಬುಟ್ಟಿಯಲ್ಲಿ ಒಂದು ಹೆಣ್ಣುಮರಿ ತಂದರು. "ಮಗ್ಗ ಇದ್ದ ಮನ್ಯಾಗ ಬೆಕ್ಕ ಇರಬೇಕವಾ. ಇಲ್ಲಂದ್ರ ನಾವು ನೇಯೂದು, ಇಲಿ ಬಿಚ್ಚೂದು" ಅಂದರು. ಆ ಮರಿ ಈ ಗೋಡೆಯಿಂದ ಆ ಗೋಡೆಗೆ ಓಡುವುದನ್ನು ನೋಡಿ ಅದಕ್ಕೆ, ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯ ಹೆಸರನ್ನೇ ಇಟ್ಟವರೂ ಅವರೇ. ಈಗ ನಮ್ಮ ಮನೆಯಲ್ಲಿರುವುದು ಮೂರನೆಯ ಲಾಳಿ.

ಬೆಕ್ಕಿದ್ದರೆ ಇಲಿಯೇ ಇರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಗಟಾರದ ಹೆಗ್ಗಣ ಎದುರಿಗೆ ಬಂದರೆ ನಮ್ಮ ಲಾಳಿಯೂ ಹಿಂದೆ ಸರಿಯುತ್ತದೆ. ಆದರೆ ನೂಲಿಗೆ ಬಾಯಿ ಹಾಕುವುದು ಸಣ್ಣ ಇಲಿ. ಬೆಕ್ಕು ಓಡಾಡುವ ಪಡಸಾಲೆಯಲ್ಲಿ ಅದು ಗೂಡು ಕಟ್ಟುವುದಿಲ್ಲ. ಬೆಕ್ಕು ಬೇಡವೆಂದರೆ ಉಳಿಯುವುದು ಇಲಿ ಪಾಷಾಣ. ನಡುವೆ ಒಂದು ವರ್ಷ ಬೆಕ್ಕಿಲ್ಲದಾಗ ನಾವೂ ಅದನ್ನು ಇಟ್ಟಿದ್ದೇವೆ. ತಿಂದ ಇಲಿ ಕುಣಿಯ ಸಂದಿಯಲ್ಲಿ ಸತ್ತು, ಮೂರು ದಿನ ಆ ನಾತದಲ್ಲಿ ಮಗ್ಗ ನಿಂತಿತ್ತು. ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಿ ಹಿಟ್ಟಿನ ಉಂಡೆಯಲ್ಲಿ ವಿಷ ಕಲಸಿ ಮೂಲೆಯಲ್ಲಿಡುವುದು ಎಂಥ ಕೆಲಸ ಎಂದು ತಾಯಂದಿರಿಗೆ ನಾನು ಹೇಳಬೇಕಿಲ್ಲ. ಆ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯುತ್ತದೆ.

ನನ್ನ ಅವ್ವನ ತವರು ಘಟಪ್ರಭಾ ದಂಡೆಯ ಹಳ್ಳಿ. ಅಜ್ಜನ ಮನೆಯ ಮುಂದೆ ಹಗೇವು ಇತ್ತು. ನೆಲ ಅಗೆದು ಮಾಡಿದ ಅದಕ್ಕೆ ಬಿಳಿಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹಗೇವು ತೆಗೆದು ಕಾಳು ಹೊರಗೆ ಹಾಕಿದ ದಿನ ಯಾರೂ ಕರೆಯದೆ ಬಂದು ರಾಶಿಯ ಪಕ್ಕ ಕೂರುತ್ತಿದ್ದದ್ದು ಬೆಕ್ಕು. ಪ್ಲೇಗಿನ ಕಾಲದಲ್ಲಿ ಇಲಿ ಬಿದ್ದ ಮನೆ ಬಿಟ್ಟು, ಊರ ಹೊರಗೆ ಗುಡಿಸಲು ಹಾಕಿಕೊಂಡ ಕತೆಯನ್ನು ಅಜ್ಜಿ ತನ್ನ ಅತ್ತೆಯಿಂದ ಕೇಳಿ ನಮಗೆ ಹೇಳುತ್ತಿದ್ದಳು. ಮನುಷ್ಯ ಕಾಳು ಕೂಡಿಡಲು ಕಲಿತಂದಿನಿಂದ ಬೆಕ್ಕು ಅವನ ಹತ್ತಿರ ಇದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಮನುಷ್ಯನ ಗೋರಿಯ ಪಕ್ಕದಲ್ಲೇ ಬೆಕ್ಕನ್ನು ಹೂತಿದ್ದು ಸಿಕ್ಕಿತೆಂದು ಫ್ರಾನ್ಸಿನ ಪುರಾತತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಆ ದ್ವೀಪದಲ್ಲಿ ಬೆಕ್ಕು ಮೊದಲಿನಿಂದ ಇದ್ದ ಪ್ರಾಣಿಯಲ್ಲ. ಯಾರೋ ದೋಣಿಯಲ್ಲಿ ಜೊತೆಗೆ ಒಯ್ದಿದ್ದಾರೆ. ಇಷ್ಟು ಹಳೆಯ ನಂಟನ್ನು ಒಂದು ಅಧಿಸೂಚನೆಯಿಂದ ಕಡಿದುಹಾಕುವುದು ಹೇಗೆ?

ನಿಷೇಧ ಬಂತೆಂದೇ ಇಟ್ಟುಕೊಳ್ಳಿ. ಈಗ ಮನೆಗಳಲ್ಲಿರುವ ಬೆಕ್ಕುಗಳು ಎಲ್ಲಿಗೆ ಹೋಗಬೇಕು? ಇದಕ್ಕೆ ನನ್ನ ತವರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ನಮ್ಮ ಓಣಿ ಮುಳುಗಡೆಯ ಪಟ್ಟಿಗೆ ಸೇರಿತು. ನನ್ನ ತಮ್ಮ, ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ಮನೆ ಕಟ್ಟಿಸಿದ. ಸಾಮಾನು ಒಯ್ದ ದಿನ ಅವ್ವ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ, ಟೆಂಪೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಮೂರನೆಯ ದಿನ ಬೆಕ್ಕು ಕಾಣಲಿಲ್ಲ. ಎಂಟು ದಿನ ಬಿಟ್ಟು ನನ್ನ ತಮ್ಮ ಹಳೇ ಮನೆಯ ಬಾಗಿಲು, ಚೌಕಟ್ಟು ಕೀಳಿಸಲು ಹೋದರೆ, ಮಾಳಿಗೆ ತೆಗೆದ ಅಡುಗೆಮನೆಯಲ್ಲಿ, ಬಿಸಿಲು ಬೀಳುತ್ತಿದ್ದ ಒಲೆಯ ಮೇಲೆ ಅದು ಕೂತಿತ್ತು. ಮತ್ತೆ ಒಯ್ದರು, ಮತ್ತೆ ಬಂತು. ನಾಯಿಗೆ ಮಂದಿ ಮುಖ್ಯ, ಬೆಕ್ಕಿಗೆ ಮನಿ ಮುಖ್ಯ ಎಂದು ನಮ್ಮ ಕಡೆ ಹೇಳುವುದು ಇದಕ್ಕೇ. ಕೊನೆಗೆ ಅವ್ವ ದಿನ ಬಿಟ್ಟು ದಿನ ಬಸ್ಸು ಹತ್ತಿ ಬಂದು, ಹಾಲಿನಲ್ಲಿ ರೊಟ್ಟಿ ನೆನೆಸಿ ಇಟ್ಟು ಹೋಗುತ್ತಿದ್ದಳು, ನೀರು ಬರುವವರೆಗೂ. ಆಮೇಲೆ ಅದು ಏನಾಯಿತೋ ತಿಳಿಯಲಿಲ್ಲ. ಆ ಮಾತು ಎತ್ತಿದರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

ಆದ್ದರಿಂದ ಹಿಡಿದು ಬೇರೆಡೆ ಬಿಡುತ್ತೇವೆ ಎಂಬ ಮಾತು ಬೆಕ್ಕಿನ ಮಟ್ಟಿಗೆ ನಡೆಯುವುದಿಲ್ಲ. ನಾಯಿಗಳ ಆದೇಶವನ್ನು ಪತ್ರಲೇಖಕರು ನೆನಪಿಸಿದ್ದಾರೆ. 2025ರ ಆಗಸ್ಟ್ 11ರಂದು ದಿಲ್ಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿಡಿ ಎಂದ ಅದೇ ಕೋರ್ಟ್, ಆ ತಿಂಗಳ 22ರಂದು ಆದೇಶ ತಿದ್ದಿತು. ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ಆ ಅರ್ಧವನ್ನೂ ಅವರು ಬರೆಯಬೇಕಿತ್ತು.

ಇನ್ನು ನಾನು ಬರೆಯಲೇಬೇಕಾದ ಮಾತು. 1996ರಲ್ಲಿ ಮೊದಲನೆಯ ಲಾಳಿ ಒಂದೇ ವರ್ಷದಲ್ಲಿ ಮೂರನೆಯ ಸಲ ಈದಿತ್ತು. ನಾಲ್ಕು ಮರಿ, ಆಗಷ್ಟೇ ಕಣ್ಣು ಬಿಟ್ಟಿದ್ದವು. ಹಿಂದಿನ ಮರಿಗಳನ್ನು ಕೇಳಿದವರಿಗೆಲ್ಲ ಕೊಟ್ಟಾಗಿತ್ತು, ಇನ್ನು ಒಯ್ಯುವವರು ಉಳಿದಿರಲಿಲ್ಲ. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಶಾಲೆ, ಮಗ್ಗ. ಅತ್ತೆ ಊರಿಗೆ ಹೋದ ದಿನ ನಾನೇ ಆ ಮರಿಗಳನ್ನು ಹಿಟ್ಟಿನ ಚೀಲಕ್ಕೆ ಹಾಕಿ, ಕತ್ತಲಾದ ಮೇಲೆ ಊರ ಹೊರಗೆ ಗ್ರಾನೈಟ್ ಕಲ್ಲು ಒಟ್ಟಿದ್ದ ಜಾಗದಲ್ಲಿ ಬಿಟ್ಟುಬಂದೆ. ಯಾರಾದರೂ ಒಯ್ದಾರು ಎಂದುಕೊಂಡೆ. ಯಾರು ಒಯ್ಯುತ್ತಾರೆ ಅಲ್ಲಿಂದ? ತಾಯಿಬೆಕ್ಕು ನಾಲ್ಕು ದಿನ ಕುಣಿ, ಅಟ್ಟ, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಎಲ್ಲ ಹುಡುಕಿತು. ನಾನು ಅಡುಗೆ ಮಾಡುವಾಗ ಕಾಲ ಬಳಿ ಬಂದು ಮುಖ ನೋಡಿ ಕೂಗುತ್ತಿತ್ತು. ಅತ್ತೆ ಬಂದವರೇ "ಮರಿ ಎಲ್ಲ್ಯಾವ?" ಅಂದರು. "ಗಂಡಬೆಕ್ಕ ಒಯ್ತರಿ" ಅಂದೆ. ಅವರು ತೀರಿಕೊಳ್ಳುವವರೆಗೂ ಆ ಸುಳ್ಳು ಸುಳ್ಳಾಗಿಯೇ ಉಳಿಯಿತು. ಮರಿಗಳನ್ನು ಬಿಟ್ಟುಬಂದ ದಿನ ಬೆಳಿಗ್ಗೆಯಷ್ಟೇ ನಾಲ್ಕನೇ ತರಗತಿಯಲ್ಲಿ ಪ್ರಾಣಿದಯೆಯ ಪಾಠ ಮಾಡಿದ್ದೆ.

ನಾನು ಮಾಡಿದ್ದು ಅಪರಾಧವೆಂದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರಲ್ಲೇ ಬಂದಿದೆ. ಹಸಿವು ನೀರಡಿಕೆಯಿಂದ ನರಳುವ ಹಾಗೆ ಸಾಕುಪ್ರಾಣಿಯನ್ನು ಬಿಟ್ಟುಹೋಗುವುದು ಅದರ 11ನೇ ಕಲಮಿನಲ್ಲಿ ಅಪರಾಧ. ದಂಡ ಎಷ್ಟು? ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ಇಲ್ಲವೇ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ನಾಲ್ಕು ಜೀವ ಚೀಲದಲ್ಲಿ ಕಟ್ಟಿ ಕಲ್ಲಿನ ಮೇಲೆ ಬಿಟ್ಟುಬಂದ ನನಗೆ 10 ರೂಪಾಯಿ ದಂಡ! ಅದನ್ನು ಕೇಳಲೂ ಯಾರೂ ಬರಲಿಲ್ಲ.

ಪತ್ರಲೇಖಕರ ಓಣಿಯಲ್ಲಿ ರಾತ್ರಿ ಕಾದಾಡುವ, ಉಸುಕಿನ ಗುಂಪಿಯಲ್ಲಿ ಹೊಲಸು ಮಾಡುವ ಬೆಕ್ಕುಗಳು ಎಲ್ಲಿಂದ ಬಂದವು ಎಂದು ಅವರು ಒಮ್ಮೆ ವಿಚಾರಿಸಲಿ. ನನ್ನಂಥವರು ಸಂತೆಯಲ್ಲಿ, ಗುಡಿಯ ಹಿಂದೆ, ಶಾಲೆಯ ಗೇಟಿನಲ್ಲಿ ಬಿಟ್ಟುಹೋದ ಮರಿಗಳು ಬದುಕಿ ಬೆಳೆದು ಈದದ್ದೇ ಅವು. ಹೆಣ್ಣುಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ. 63ರಿಂದ 65 ದಿನಕ್ಕೆ ಈಯುತ್ತದೆ, ಒಂದು ಸಲಕ್ಕೆ ನಾಲ್ಕು ಮರಿ ಸಾಮಾನ್ಯ. ನಿಷೇಧದ ಸುದ್ದಿ ಪೇಪರಿನಲ್ಲಿ ಬಂದ ರಾತ್ರಿಯೇ ಎಷ್ಟು ಮನೆಗಳಿಂದ ಎಷ್ಟು ಚೀಲ ಹೊರಬೀಳುತ್ತವೆ, ಲೆಕ್ಕ ಹಾಕಿ. ಮನೆಯಲ್ಲಿ ಲಸಿಕೆ ಹಾಕಿಸಿಕೊಂಡು, ಹಾಲು ಕುಡಿದು ಮಲಗುತ್ತಿದ್ದ ಬೆಕ್ಕೂ ಓಣಿಯ ಬೆಕ್ಕಾಗುತ್ತದೆ. ಕೆಲವರು ವಿಷವನ್ನೂ ಇಡುತ್ತಾರೆ. ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಸಜೆ ಇದೆ, ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಸಿಂಗಪುರದಲ್ಲಿ ಬಹುಪಾಲು ಜನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಇರುತ್ತಾರೆ. ಅಲ್ಲಿ 1989ರಿಂದ ಬೆಕ್ಕು ಸಾಕುವಂತಿರಲಿಲ್ಲ. ಕಾನೂನು ಪಾಲಿಸುವುದರಲ್ಲಿ ಅಷ್ಟು ಕಟ್ಟುನಿಟ್ಟಿನ ಊರಿನಲ್ಲೂ ಜನ ಕದ್ದುಮುಚ್ಚಿ ಸಾಕಿದರು. ಕೊನೆಗೆ 2024ರ ಸೆಪ್ಟೆಂಬರ್ 1ರಿಂದ ಸರ್ಕಾರವೇ ನಿಷೇಧ ತೆಗೆದು, ಮನೆಗೆ ಎರಡು ಬೆಕ್ಕು, ಲೈಸೆನ್ಸ್ ಮತ್ತು ಮೈಯೊಳಗೆ ಗುರುತಿನ ಚಿಪ್ ಕಡ್ಡಾಯ ಎಂದು ಮಾಡಿತು. ನಮ್ಮಲ್ಲೂ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ದಿನಗಳಲ್ಲಿ, ತನ್ನ ಮೂರು ಬೆಕ್ಕುಗಳಿಗೆ ಬಿಸ್ಕತ್ತು ತರಲು ಪಾಸ್ ಸಿಗಲಿಲ್ಲವೆಂದು ಒಬ್ಬರು ಕೇರಳ ಹೈಕೋರ್ಟಿಗೆ ಹೋಗಿದ್ದರು. ಕೋರ್ಟ್ ಹೋಗಲು ಬಿಟ್ಟಿದ್ದಲ್ಲದೆ, ಪ್ರಾಣಿ ಸಾಕುವ ಆಯ್ಕೆ ಸಂವಿಧಾನದ 21ನೇ ವಿಧಿಯ ಖಾಸಗಿತನದ ಹಕ್ಕಿಗೆ ಸೇರಿದ್ದು ಎಂದಿತು.

ಹಕ್ಕಿಗಳ ವಿಚಾರದಲ್ಲಿ ನಾನು ಪತ್ರಲೇಖಕರ ಜೊತೆಗಿದ್ದೇನೆ. ಎರಡನೆಯ ಲಾಳಿ ಒಂದು ಪಿಕಳಾರವನ್ನು ಹಿಡಿದು ತಂದು ನನ್ನ ಹಾಸಿಗೆಯ ಬಳಿ ಇಟ್ಟಿದ್ದನ್ನು ಮರೆತಿಲ್ಲ. ನ್ಯೂಜಿಲೆಂಡಿನ ಒಮಾವಿ ಎಂಬ ಹಳ್ಳಿಯಲ್ಲಿ ಇನ್ನು ಹೊಸ ಬೆಕ್ಕು ತರಕೂಡದು ಎಂಬ ಪ್ರಸ್ತಾವ 2018ರಲ್ಲಿ ಬಂದದ್ದು ನಿಜ. ಆದರೆ ಆ ದೇಶದಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲೆ ಹುಟ್ಟಿಬೆಳೆದ ಸ್ತನಿಪ್ರಾಣಿಯೇ ಇರಲಿಲ್ಲ, ಅಲ್ಲಿನ ಹಕ್ಕಿಗಳಿಗೆ ಹಲ್ಲಿರುವ ಬೇಟೆಗಾರನ ಪರಿಚಯವೇ ಇಲ್ಲ. ನಮ್ಮ ಹಕ್ಕಿಗಳು ಮುಂಗುಸಿ, ಕಾಡುಬೆಕ್ಕುಗಳ ನಡುವೆಯೇ ಬೆಳೆದವು. ಹಾಗೆಂದು ನಮ್ಮ ಬೆಕ್ಕನ್ನು ಹೊಲಕ್ಕೆ ಬಿಟ್ಟುಬಿಡಬಹುದು ಎಂದಲ್ಲ. ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಯಡಹಳ್ಳಿಯ ಚಿಂಕಾರ ವನ್ಯಧಾಮದ ಅಂಚಿನ ಊರುಗಳಲ್ಲಿ, ಹಿನ್ನೀರಿನ ದಂಡೆಯಲ್ಲಿ ಬೆಕ್ಕನ್ನು ರಾತ್ರಿ ಹೊರಗೆ ಬಿಡಕೂಡದು ಎಂಬ ನಿಯಮ ಬಂದರೆ ನಾನು ಮೊದಲು ಸಹಿ ಹಾಕುತ್ತೇನೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇಂಥದೇ ನಿಯಮ ಇದೆ. 2022ರ ಜುಲೈ 1ರಿಂದೀಚೆಗೆ ಹುಟ್ಟಿದ ಬೆಕ್ಕು ಮಾಲೀಕರ ಆವರಣದೊಳಗೇ ಇರಬೇಕು. ಸಾಕಬೇಡಿ ಎಂದು ಅಲ್ಲಿ ಹೇಳಿಲ್ಲ. ನಮ್ಮ ಲಾಳಿ ದೀಪ ಹಚ್ಚುವ ಹೊತ್ತಿಗೆ ಒಳಗೆ ಬಂದರೆ ಬಿಸಿಲೇರುವವರೆಗೆ ಬಾಗಿಲು ತೆಗೆಯುವುದಿಲ್ಲ. ಇಲಿ ಬರುವ ಹೊತ್ತೂ ಅದೇ, ಎರಡೂ ಕೆಲಸ ಆಗುತ್ತವೆ.

ರೋಗದ ಮಾತು. ನನ್ನ ಮಗಳು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಬೆಕ್ಕು ಕಚ್ಚಿದರೆ, ಪರಚಿದರೆ ಅರಿಶಿನ ಮೆತ್ತಿ ಕೂರಬೇಡಿ ಎಂದು ಅವಳು ಕಂಡವರಿಗೆಲ್ಲ ಹೇಳುತ್ತಾಳೆ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆಕ್ಕಿಗೂ ಮೂರು ತಿಂಗಳಾದ ಮೇಲೆ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಅವಳೇ ಬಸುರಿಯಾಗಿ ತವರಿಗೆ ಬಂದಾಗ ಬೀಗರ ಮನೆಯಿಂದ ಫೋನ್ ಬಂತು, ಬೆಕ್ಕನ್ನು ಕಳಿಸಿಬಿಡಿ ಅಂತ. ಅವರ ಭಯಕ್ಕೆ ಕಾರಣ ಇತ್ತು. ಟೊಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಹೊಲಸಿನ ಮೂಲಕ ಬಂದರೆ ಹೊಟ್ಟೆಯ ಕೂಸಿಗೆ ಅಪಾಯ. ಡಾಕ್ಟರರನ್ನೇ ಕೇಳಿದೆವು. ಹೊಲಸು ಬಿದ್ದ ಕೂಡಲೇ ಅದು ಅಂಟುವುದಿಲ್ಲ, ಒಂದರಿಂದ ಐದು ದಿನ ಬೇಕು, ದಿನಾ ಬೇರೆಯವರು ತೆಗೆದು ಚೆಲ್ಲಲಿ, ಬಸುರಿ ಮುಟ್ಟುವುದು ಬೇಡ, ಸೊಪ್ಪು ತರಕಾರಿ ಚೆನ್ನಾಗಿ ತೊಳೆಯಿರಿ, ಮಾಂಸ ತಿನ್ನುವವರು ಪೂರ್ತಿ ಬೇಯಿಸಿ ತಿನ್ನಲಿ ಎಂದರು. ಆ ಒಂಬತ್ತು ತಿಂಗಳು ಉಸುಕಿನ ತಟ್ಟೆ ನಾನೇ ತೆಗೆದೆ. ಮೊಮ್ಮಗಳಿಗೆ ಈಗ ನಾಲ್ಕು ವರ್ಷ, ಲಾಳಿಯ ಬಾಲ ಹಿಡಿದೇ ನಡೆಯಲು ಕಲಿತಳು.

ಆ ಉಸುಕಿನ ತಟ್ಟೆ ನಮ್ಮ ಮನೆಗೆ ಬಂದದ್ದು ಪಕ್ಕದ ಮನೆಯವರಿಂದ. ಅವರು ಮನೆ ಕಟ್ಟಿಸುತ್ತಿದ್ದರು. "ಅಕ್ಕೋರ, ನಿಮ್ಮ ಬೆಕ್ಕ ದಿನಾ ನಮ್ಮ ಉಸುಕಿನ್ಯಾಗ ಹೊಲಸ ಮಾಡತೈತ್ರಿ, ಗೌಂಡಿ ಕೈ ಹಾಕಾಕ ಒಲ್ಲೆ ಅಂತಾನ್ರಿ" ಎಂದು ಬಾಗಿಲಿಗೆ ಬಂದು ಹೇಳಿದರು. ಅವರ ಮಾತು ಸರಿ ಇತ್ತು. ಒಂದು ತಗಡಿನ ತಟ್ಟೆಗೆ ಅವರದೇ ಉಸುಕು ಎರಡು ಬೊಗಸೆ ಹಾಕಿಸಿಕೊಂಡು ಬಂದು ಹಿತ್ತಲ ಬಚ್ಚಲ ಪಕ್ಕ ಇಟ್ಟೆ. ವಾರದೊಳಗೆ ಬೆಕ್ಕು ಅದಕ್ಕೆ ರೂಢಿಯಾಯಿತು. ಸಾಕುವವರು ಇಷ್ಟು ಮಾಡದೆ ನೆರೆಯವರನ್ನು ಬೈದರೆ ತಪ್ಪು ಸಾಕುವವರದೇ.

ನಾನು ಕೇಳುವುದು ಬೇರೆ. ಎರಡನೆಯ ಲಾಳಿಯನ್ನು ಬುಟ್ಟಿಯಲ್ಲಿಟ್ಟು ಪಶು ಆಸ್ಪತ್ರೆಯೊಂದಕ್ಕೆ ಒಯ್ದಿದ್ದೆ. ಯಾವ ಊರಿನದೆಂದು ಬರೆಯುವುದಿಲ್ಲ, ಅಲ್ಲಿನ ಡಾಕ್ಟರರ ತಪ್ಪೇನೂ ಇರಲಿಲ್ಲ. "ಇಲ್ಲಿ ದನಾ, ಕುರಿ, ಕೋಳಿ ನೋಡತೀವ್ರಿ ಅಕ್ಕೋರ. ಬೆಕ್ಕಿನ ಆಪರೇಶನ್ನಿಗೆ ಬೇಕಾದ್ದು ಯಾವುದೂ ನಮ್ಮ ಕಡೆ ಇಲ್ಲ" ಎಂದರು. ಕೊನೆಗೆ ಹುಬ್ಬಳ್ಳಿಯ ಖಾಸಗಿ ಡಾಕ್ಟರರಲ್ಲಿ ಮಾಡಿಸಿದೆ. ಬಸ್ಸು, ಔಷಧ ಎಲ್ಲ ಸೇರಿ 3,800 ರೂಪಾಯಿ. ನನಗೆ ಸಂಬಳ ಇತ್ತು. ಒಂದು ಸೀರೆಗೆ ಸಿಗುವ ಮಜೂರಿಯಲ್ಲಿ ಸಂಸಾರ ನಡೆಸುವ ನೇಕಾರ ಎಲ್ಲಿಂದ ತರಬೇಕು? ಅವನಿಗೆ ಉಳಿಯುವುದು ಹಿಟ್ಟಿನ ಚೀಲ.

ಆದ್ದರಿಂದ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ, ಅದೂ ಆಗದಿದ್ದರೆ ತಿಂಗಳಿಗೆ ಎರಡು ದಿನ, ಬೆಕ್ಕುಗಳ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಬಿಟ್ಟಿಯಾಗಿ ಆಗಲಿ. ಮೊದಲು ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿಯಂಥ ಮಗ್ಗದ ಊರುಗಳಲ್ಲಿ ಶುರುವಾಗಲಿ, ಬೆಕ್ಕು ಹೆಚ್ಚಿರುವುದೂ ಅಲ್ಲೇ, ಅದರ ಅಗತ್ಯ ಇರುವುದೂ ಅಲ್ಲೇ. ಸಾಕಿದ ಬೆಕ್ಕನ್ನು ನಗರಸಭೆಯಲ್ಲಿ ಬರೆಸಬೇಕೆಂದು ಮಾಡಿದರೂ ಒಪ್ಪುತ್ತೇನೆ. ಚಿಕಿತ್ಸೆ ಕೈಗೆಟಕುವಂತೆ ಮಾಡಿದ ಮೇಲೆ, ಬಿಟ್ಟುಬರುವವರಿಗೆ 10 ರೂಪಾಯಿ ಬದಲು ಮನಸ್ಸಿಗೆ ನಾಟುವಂಥ ದಂಡ ಇರಲಿ. ಈ ಭಾಗದ ಸಂಸದರು ಅದನ್ನು ಲೋಕಸಭೆಯಲ್ಲಿ ಎತ್ತಲಿ. 1996ರಲ್ಲಿ ಅಂಥ ದಂಡವೂ ಅಂಥ ಆಸ್ಪತ್ರೆಯೂ ಎರಡೂ ಇದ್ದಿದ್ದರೆ ಆ ನಾಲ್ಕು ಮರಿ ಹುಟ್ಟುತ್ತಲೇ ಇರಲಿಲ್ಲ.

ಕಳೆದ ತಿಂಗಳು ನಾನು ಕಲಿಸಿದ ಶಾಲೆಯ ಗೇಟಿನಲ್ಲಿ ಯಾರೋ ರಟ್ಟಿನ ಡಬ್ಬಿಯಲ್ಲಿ ಎರಡು ಮರಿ ಇಟ್ಟುಹೋಗಿದ್ದರು. ಬಿಸಿಯೂಟದ ಅಡುಗೆಯಾಕೆ ತಂದು ನನಗೆ ಕೊಟ್ಟಳು. ಎರಡೂ ಹೆಣ್ಣು. ಒಂದನ್ನು ಗುಳೇದಗುಡ್ಡದ, ಕುಪ್ಪಸದ ಖಣ ನೇಯುವ ಮನೆಯವರು ಕೇಳಿದ್ದಾರೆ, ಆಪರೇಶನ್ ಮಾಡಿಸಿಯೇ ಕೊಡುತ್ತೇನೆ ಎಂದಿದ್ದೇನೆ. ಇನ್ನು ನಾಲ್ಕು ತಿಂಗಳಿಗೆ ಇಬ್ಬರನ್ನೂ ಹುಬ್ಬಳ್ಳಿಗೆ ಒಯ್ಯಬೇಕು, ಬಾಡಿಗೆ ಗಾಡಿ ಮಾಡುತ್ತೇನೆ. ಪತ್ರಲೇಖಕರ ಓಣಿಯಲ್ಲಿ ಮರಿ ಹಾಕುತ್ತಿರುವ ಬೆಕ್ಕು ಯಾವುದೆಂದು ಅವರಿಗೆ ಗೊತ್ತಿದ್ದರೆ ಅದನ್ನೂ ಹಿಡಿಸಿ ಕೊಡಲಿ, ಅದರ ಖರ್ಚು ನನ್ನದು. ನನ್ನ ವಿಳಾಸವನ್ನು ತಮ್ಮ ಕಚೇರಿಗೆ ಬೇರೆ ಚೀಟಿಯಲ್ಲಿ ಬರೆದು ಕಳಿಸಿದ್ದೇನೆ, ಅವರು ಕೇಳಿದರೆ ದಯಮಾಡಿ ಕೊಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಇಳಕಲ್, ಬಾಗಲಕೋಟೆ ಜಿಲ್ಲೆ